ಠಾಣೆಗೆ ಹೋದ ತಂಗಿಗೆ ಪೊಲೀಸರು ಏನೇನು ಮಾಡಬೇಕಿತ್ತು?

ಪ್ರಶ್ನೆ: ನನ್ನ ತಂಗಿಗೆ ಮದುವೆಯಾಗಿ ಆರು ವರ್ಷ. ಒಬ್ಬ ಮಗನಿದ್ದಾನೆ. ಗಂಡ ಕುಡಿದು ಬಂದು ಹೊಡೆಯುತ್ತಾನೆ. ಕಳೆದ ತಿಂಗಳು ಕತ್ತು ಹಿಸುಕಿದನಂತೆ. ಅವಳು ಧೈರ್ಯ ಮಾಡಿ ಠಾಣೆಗೆ ಹೋದಳು. ಅವರು ಗಂಡನನ್ನು ಕರೆಸಿ, ಬೈದು, ಮುಚ್ಚಳಿಕೆ ಬರೆಸಿಕೊಂಡು ಇಬ್ಬರನ್ನೂ ಮನೆಗೆ ಕಳಿಸಿದರು. ‘ಕೇಸು ಬೇಕೋ ಸಂಸಾರ ಬೇಕೋ, ನೀನೇ ಹೇಳಮ್ಮ’ ಅಂದರಂತೆ. ಇಂಥವರನ್ನು ಪೊಲೀಸರೇ ಸಖಿ ಕೇಂದ್ರಕ್ಕೆ ತಲುಪಿಸಬೇಕು ಅಂತ ನನ್ನ ಗೆಳತಿ ಹೇಳುತ್ತಾಳೆ. ಇದು ನಿಜವಾ? ಕೇಸು ಹಾಕದೆ ಸಹಾಯ ಸಿಗುತ್ತಾ? ಈಗ ಏನು ಮಾಡಬೇಕು?
— ಒಬ್ಬ ಅಕ್ಕ, ಬೆಂಗಳೂರು

ಉತ್ತರ: ಮೊದಲು ಕತ್ತು ಹಿಸುಕಿದ ವಿಷಯ. ನೀವು ಅದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಠಾಣೆಯಲ್ಲೂ ಅದು ಹಾಗೇ ಹೋಗಿರಬೇಕು. ಕೌಟುಂಬಿಕ ಹಿಂಸೆಯ ಕೇಸುಗಳನ್ನು ನೋಡುವವರಿಗೆ ಇದು ಅತಿ ದೊಡ್ಡ ಎಚ್ಚರಿಕೆ. ಕೊರಳಿನ ಮೇಲೆ ಗುರುತು ಕಾಣದೇ ಇರಬಹುದು. ಒಳಗೆ ಊತ, ರಕ್ತನಾಳಕ್ಕೆ ಪೆಟ್ಟು ಆಗಿರಬಹುದು. ಆಮೇಲೆ ಧ್ವನಿ ಬದಲಾಗಿತ್ತಾ, ನುಂಗಲು ಕಷ್ಟವಾಗಿತ್ತಾ, ಕಣ್ಣು ಕತ್ತಲೆ ಬಂದಿತ್ತಾ ಅಂತ ತಂಗಿಯನ್ನು ಕೇಳಿ. ತಿಂಗಳಾಗಿದ್ದರೂ ಪರವಾಗಿಲ್ಲ, ಸರ್ಕಾರಿ ಆಸ್ಪತ್ರೆಗೆ ಹೋಗಿ ‘ಗಂಡ ಕತ್ತು ಹಿಸುಕಿದ’ ಅಂತ ಬಾಯಿಬಿಟ್ಟು ಹೇಳಲಿ. ‘ಬಿದ್ದೆ’ ಅನ್ನುವುದು ಬೇಡ. ವೈದ್ಯರು ಅದನ್ನು ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ ಎಂದು ಬರೆದುಕೊಳ್ಳುತ್ತಾರೆ. ಮುಂದೆ ಕೋರ್ಟಿಗೆ ಹೋದರೆ ಆ ಕಾಗದಕ್ಕೆ ಬಹಳ ತೂಕ ಇರುತ್ತದೆ. ಹೀಗೆ ಇನ್ನೊಮ್ಮೆ ಆದರೆ ಕಾಯುವುದು ಬೇಡ. 112ಕ್ಕೆ ಕರೆ, ಅಲ್ಲಿಂದ ಸೀದಾ ಆಸ್ಪತ್ರೆ.

ಈಗ ನಿಮ್ಮ ಗೆಳತಿಯ ಮಾತು. ಅವರು ಹೇಳಿದ್ದು ಅರ್ಧ ನಿಜ. ಸಖಿ ಕೇಂದ್ರಕ್ಕೆ ಪೊಲೀಸರೇ ತಲುಪಿಸಬೇಕು ಅಂತ ಕಾಯ್ದೆಯಲ್ಲಿ ಬರೆದಿಲ್ಲ. ಆದರೆ ಸಹಾಯದ ದಾರಿಗಳನ್ನು ಅವರು ತಿಳಿಸಲೇಬೇಕು.

2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ ಅಂತ ಒಂದಿದೆ. ಎಲ್ಲರೂ ಡಿವಿ ಆಕ್ಟ್ ಅಂತಾರೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 5ನೇ ಸೆಕ್ಷನ್ ಪೊಲೀಸರ ಬಗ್ಗೆ ಮಾತಾಡುತ್ತದೆ. ಕೌಟುಂಬಿಕ ಹಿಂಸೆಯ ದೂರು ಬಂದರೆ, ಅಥವಾ ಪೊಲೀಸ್ ಅಧಿಕಾರಿ ಆ ಜಾಗದಲ್ಲೇ ಇದ್ದರೆ, ಆ ಹೆಣ್ಣುಮಗಳಿಗೆ ಅವರು ಐದು ವಿಷಯ ತಿಳಿಸಲೇಬೇಕು. ರಕ್ಷಣೆ, ವಾಸ, ಹಣ, ಮಕ್ಕಳ ವಶ, ಪರಿಹಾರ ಇವಕ್ಕೆಲ್ಲ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು ಅಂತ. ಸಹಾಯ ಮಾಡುವ ನೋಂದಾಯಿತ ಸಂಸ್ಥೆಗಳಿವೆ ಅಂತ. ರಕ್ಷಣಾಧಿಕಾರಿ ಇದ್ದಾರೆ ಅಂತ. ವಕೀಲರು ಉಚಿತವಾಗಿ ಸಿಗುತ್ತಾರೆ ಅಂತ. ಬೇಕಿದ್ದರೆ ಕ್ರಿಮಿನಲ್ ದೂರನ್ನೂ ಕೊಡಬಹುದು ಅಂತ. ‘ತಿಳಿಸಬಹುದು’ ಎಂದಲ್ಲ, ‘ತಿಳಿಸತಕ್ಕದ್ದು’ ಎಂದೇ ಕಾಯ್ದೆ ಹೇಳುತ್ತದೆ. ಅದೇ ಸೆಕ್ಷನ್ನಿನ ಕೊನೆಗೆ ಇನ್ನೊಂದು ಮಾತಿದೆ: ಇದನ್ನೆಲ್ಲ ತಿಳಿಸಿದೆ ಅಂತ ಗಂಭೀರ ಅಪರಾಧಕ್ಕೆ ಎಫ್‌ಐಆರ್ ಹಾಕುವ ಹೊಣೆಯಿಂದ ಪೊಲೀಸರು ಜಾರಿಕೊಳ್ಳುವಂತಿಲ್ಲ.

ಅಂದರೆ ‘ಕೇಸು ಬೇಕೋ ಸಂಸಾರ ಬೇಕೋ’ ಅನ್ನುವ ಪ್ರಶ್ನೆಯೇ ತಪ್ಪು. ಮೂರನೇ ದಾರಿ ಒಂದಿದೆ. ಅದನ್ನು ತೋರಿಸುವುದಕ್ಕೆಂದೇ ಕಾಯ್ದೆ ಪೊಲೀಸರನ್ನು ಅಲ್ಲಿ ನಿಲ್ಲಿಸಿದೆ. ಡಿವಿ ಆಕ್ಟಿನ ಕೆಳಗೆ ಅರ್ಜಿ ಹಾಕಿದರೆ ಗಂಡ ಮಾರನೇ ದಿನ ಜೈಲಿಗೆ ಹೋಗುವುದಿಲ್ಲ. ಹೊಡೆಯಬೇಡ, ಮನೆಯಿಂದ ಹೊರಹಾಕಬೇಡ, ತಿಂಗಳಿಗೆ ಇಷ್ಟು ಹಣ ಕೊಡು ಅಂತ ಕೋರ್ಟ್ ಆದೇಶ ಮಾಡುತ್ತದೆ. ರಕ್ಷಣಾ ಆದೇಶ ಮುರಿದರೆ ಮಾತ್ರ ಅದು ಅಪರಾಧ. ಆಗ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಂಸಾರ ಬಿಡಲೂ ಮನಸ್ಸಿಲ್ಲ, ಹೊಡೆತ ತಿನ್ನಲೂ ಆಗುತ್ತಿಲ್ಲ ಅನ್ನುವವರೇ ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ. ಈ ಕಾಯ್ದೆ ಅಂಥವರಿಗೆಂದೇ ಬರೆದ ಹಾಗಿದೆ.

ನಮ್ಮ ರಾಜ್ಯದಲ್ಲಿ ಈ ಕೊಂಡಿ ಹೇಗೆ ಕೂಡಬೇಕು ಅಂತ ಹೇಳುತ್ತೇನೆ. ಠಾಣೆಯಲ್ಲಿ ದೂರು ಕೇಳಿದವರು ರಕ್ಷಣಾಧಿಕಾರಿಗೆ ತಿಳಿಸಬೇಕು. ಈ ರಕ್ಷಣಾಧಿಕಾರಿ ಯಾರು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಕರ್ನಾಟಕದ ತಾಲೂಕುಗಳಲ್ಲಿ ಸಾಮಾನ್ಯವಾಗಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಅಂದರೆ ಸಿಡಿಪಿಒ ಅವರೇ ಈ ಕೆಲಸವನ್ನೂ ನೋಡುತ್ತಾರೆ. ಅಂಗನವಾಡಿಗಳ ಮೇಲಧಿಕಾರಿ ಅಂದರೆ ನಿಮಗೆ ತಕ್ಷಣ ಗೊತ್ತಾಗುತ್ತದೆ. ನಿಮ್ಮ ತಂಗಿಯ ಮಗ ಅಂಗನವಾಡಿಗೆ ಹೋಗಿದ್ದರೆ, ಅಲ್ಲಿನ ಕಾರ್ಯಕರ್ತೆಗೆ ಆ ಆಫೀಸಿನ ದಾರಿ ಗೊತ್ತಿರುತ್ತದೆ. ಅಂಗನವಾಡಿಗೆ ಹೋಗಿಬರುವುದನ್ನು ಮನೆಯಲ್ಲಿ ಯಾರೂ ಅನುಮಾನಿಸುವುದಿಲ್ಲ, ಅಲ್ವಾ?

ರಕ್ಷಣಾಧಿಕಾರಿ ಮೊದಲು ಡಿಐಆರ್ ಬರೆಯಬೇಕು. ಕೌಟುಂಬಿಕ ಘಟನಾ ವರದಿ ಅಂತ ಅದರ ಹೆಸರು. ಯಾವಾಗ ಹೊಡೆದ, ಹೇಗೆ ಹೊಡೆದ, ಹಣ ಕಿತ್ತುಕೊಂಡನಾ, ಮನೆಯಿಂದ ತಳ್ಳಿದನಾ, ಎಲ್ಲ ಅದರಲ್ಲಿ ಬರುತ್ತದೆ. ಅದು ಮ್ಯಾಜಿಸ್ಟ್ರೇಟರಿಗೆ ಹೋಗುತ್ತದೆ, ಒಂದು ಪ್ರತಿ ಠಾಣೆಗೂ ಹೋಗುತ್ತದೆ. ಇದು ಪೊಲೀಸ್ ಕೇಸಲ್ಲ. ಉಳಿದುಕೊಳ್ಳಲು ಜಾಗ, ವೈದ್ಯಕೀಯ ಪರೀಕ್ಷೆ, ವಕೀಲರು, ಇವಕ್ಕೆಲ್ಲ ಓಡಾಡುವುದೂ ರಕ್ಷಣಾಧಿಕಾರಿಯ ಕರ್ತವ್ಯವೇ. ಮುಂದೆ ಹೀಗಾದರೆ ಏನು ಮಾಡಬೇಕು ಅಂತ ಹೆಣ್ಣುಮಗಳ ಜೊತೆ ಕೂತು ಒಂದು ಸುರಕ್ಷತಾ ಯೋಜನೆ ಬರೆಯಬೇಕು ಅಂತ 2006ರ ನಿಯಮಗಳಲ್ಲಿದೆ. ಅದಕ್ಕೆ ನಮೂನೆ ಕೂಡ ಕೊಟ್ಟಿದ್ದಾರೆ. ಆ ನಮೂನೆ ತುಂಬಿದ್ದನ್ನು ನಾನು ನೋಡಿದ್ದು ಅಪರೂಪ.

ಸಖಿ ಅಂದರೆ ಒನ್ ಸ್ಟಾಪ್ ಸೆಂಟರ್. 2015ರಿಂದ ಕೇಂದ್ರ ಸರ್ಕಾರದ ಯೋಜನೆ. ಹೆಚ್ಚಿನ ಕಡೆ ಜಿಲ್ಲಾಸ್ಪತ್ರೆಯ ಆವರಣದಲ್ಲೋ ಅದರ ಹತ್ತಿರವೋ ಇರುತ್ತದೆ. ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ಆಪ್ತ ಸಮಾಲೋಚನೆ ಎಲ್ಲ ಒಂದೇ ಕಡೆ ಸಿಗಬೇಕು ಅನ್ನುವುದು ಅದರ ಉದ್ದೇಶ. ಐದು ದಿನದವರೆಗೆ ಅಲ್ಲೇ ಉಳಿಯಬಹುದು. ಅದಕ್ಕಿಂತ ಜಾಸ್ತಿ ದಿನ ಬೇಕಾದರೆ ಸ್ವಾಧಾರ ಗೃಹದಂಥ ಜಾಗಕ್ಕೆ ಕಳಿಸುತ್ತಾರೆ. ಸ್ವಾಧಾರಕ್ಕೆ ಈಗ ಶಕ್ತಿ ಸದನ ಅಂತ ಹೆಸರು. ಗಂಡುಮಕ್ಕಳಿಗೆ ವಯಸ್ಸಿನ ಮಿತಿ ಇದೆ. ಹಾಗಾಗಿ ಮಗನ ವಯಸ್ಸನ್ನು ಫೋನಿನಲ್ಲೇ ಹೇಳಿ ಕೇಳಿಕೊಳ್ಳಿ. ಕೆಲವು ತಾಲೂಕುಗಳಲ್ಲಿ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಸಾಂತ್ವನ ಕೇಂದ್ರಗಳೂ ಇವೆ. ಬೆಂಗಳೂರಿನಲ್ಲಿ ಪೊಲೀಸರೇ ನಡೆಸುವ ವನಿತಾ ಸಹಾಯವಾಣಿ ಬಹಳ ಹಳೆಯದು. ಇವುಗಳಲ್ಲಿ ಯಾವುದಕ್ಕೂ ಎಫ್‌ಐಆರ್ ಬೇಕಿಲ್ಲ. ಇದು ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ. ಯಾರಾದರೂ ‘ಮೊದಲು ಎಫ್‌ಐಆರ್ ಕಾಪಿ ತನ್ನಿ’ ಅಂದರೆ ಅದು ಅವರ ಅನುಕೂಲದ ಮಾತು, ಕಾನೂನಿನ ಮಾತಲ್ಲ. ಡಿಐಆರ್ ಇಲ್ಲದೆಯೂ ಮ್ಯಾಜಿಸ್ಟ್ರೇಟ್ ಆದೇಶ ಮಾಡಬಹುದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಹೇಳಿದೆ.

ಹಾಗಾದರೆ ಇಷ್ಟೆಲ್ಲ ಇದ್ದೂ ನಿಮ್ಮ ತಂಗಿ ಮುಚ್ಚಳಿಕೆಯೊಂದಿಗೆ ವಾಪಸ್ ಬಂದದ್ದು ಹೇಗೆ?

ಕೊಂಡಿ ಕಳಚುವುದು ಠಾಣೆಯ ಮೇಜಿನ ಹತ್ತಿರ. ಪೊಲೀಸರ ಕಡೆಯಿಂದ ನೋಡಿದರೆ ಗಂಡ-ಹೆಂಡಿರ ಜಗಳ ಅಂದರೆ ದಿನವಿಡೀ ಸಮಯ ತಿನ್ನುವ, ಕೊನೆಗೆ ರಾಜಿಯಾಗುವ ವಿಷಯ. ಸಿಡಿಪಿಒಗೆ ಅಂಗನವಾಡಿ, ಪೋಷಣೆ, ಹತ್ತಾರು ಯೋಜನೆಗಳ ನಡುವೆ ಇದು ಇನ್ನೊಂದು ಹೊರೆ. ಠಾಣೆಯವರು ‘ಸಿಡಿಪಿಒ ಆಫೀಸಿಗೆ ಹೋಗಮ್ಮ’ ಅಂತಾರೆ. ಅಲ್ಲಿಗೆ ಹೋದರೆ ‘ಠಾಣೆಯಿಂದ ಪತ್ರ ತಾ’ ಅಂತಾರೆ. ಕೈಯಲ್ಲಿ ಬಸ್ಸಿಗೆ ಕಾಸಿಲ್ಲದವಳು ಮೂರನೇ ಬಾಗಿಲಿಗೆ ಹೋಗುವುದಿಲ್ಲ, ಮನೆಗೆ ಹೋಗುತ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಅಂಕಿ 44.4 ಪ್ರತಿಶತ. ಮದುವೆಯಾದ 18ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಅಷ್ಟು ಜನ ಗಂಡನಿಂದ ಹಿಂಸೆ ಕಂಡವರು. ದೇಶದಲ್ಲೇ ಅತಿ ಹೆಚ್ಚು. ಅದೇ ಸಮೀಕ್ಷೆಯ ಪ್ರಕಾರ, ಹಿಂಸೆ ಕಂಡವರಲ್ಲಿ ಎಲ್ಲಾದರೂ ಸಹಾಯ ಕೇಳಿದವರು ದೇಶದಾದ್ಯಂತ 14 ಪ್ರತಿಶತ ಮಾತ್ರ. ಕೇಳಿದವರಲ್ಲೂ ಹೆಚ್ಚಿನವರು ಹೋದದ್ದು ತವರಿಗೆ. ಠಾಣೆಯ ಮೆಟ್ಟಿಲು ಹತ್ತಿದವರು ತೀರಾ ಕಡಿಮೆ. ಅಷ್ಟು ಕಡಿಮೆ ಜನರಲ್ಲಿ ಒಬ್ಬಳು ಬಂದಾಗ ಸುಮ್ನೆ ಚೀಟಿಯಲ್ಲಿ ನಂಬರ್ ಬರೆದುಕೊಟ್ಟು ಕಳಿಸುವುದು ನನ್ನ ಪ್ರಕಾರ ಏನೂ ಮಾಡದೇ ಇದ್ದಂತೆಯೇ. ಅಧಿಕಾರಿ ತಾನೇ ಫೋನ್ ಮಾಡಿ, ಆ ಕಡೆಯವರ ಜೊತೆ ಅವಳನ್ನು ಮಾತಾಡಿಸಬೇಕು.

ಇದು ಬರೀ ನನ್ನ ಆಸೆಯಲ್ಲ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 2005ರಿಂದ ಒಂದು ಪದ್ಧತಿ ಇದೆ. ಸ್ಥಳಕ್ಕೆ ಹೋದ ಪೊಲೀಸರು ಹೆಣ್ಣುಮಗಳಿಗೆ 11 ಪ್ರಶ್ನೆ ಕೇಳುತ್ತಾರೆ. ಆಯುಧ ತೋರಿಸಿದ್ದನಾ, ಕೊಲ್ಲುತ್ತೇನೆ ಅಂದಿದ್ದನಾ, ಕೊಂದಾನು ಅಂತ ನಿಮಗೇ ಅನಿಸುತ್ತಾ, ಕತ್ತು ಹಿಸುಕಿದ್ದನಾ, ಇತ್ತೀಚೆಗೆ ಅವನನ್ನು ಬಿಟ್ಟು ಬಂದಿದ್ದೀರಾ, ಹೀಗೆ. ಅಪಾಯ ಜಾಸ್ತಿ ಅಂತ ಕಂಡರೆ ಪೊಲೀಸರೇ ಅಲ್ಲಿಂದಲೇ ಸಹಾಯವಾಣಿಗೆ ಕರೆ ಮಾಡುತ್ತಾರೆ. ಮಾತಾಡುವುದು ಬಿಡುವುದು ಅವಳಿಗೆ ಬಿಟ್ಟದ್ದು. ಅಷ್ಟು ದೂರ ಹೋಗುವುದೂ ಬೇಡ. ಮುಂಬೈಯಲ್ಲಿ 1984ರಲ್ಲೇ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಮತ್ತು ಪೊಲೀಸ್ ಇಲಾಖೆ ಸೇರಿ, ತರಬೇತಾದ ಸಮಾಜ ಕಾರ್ಯಕರ್ತೆಯರನ್ನು ಪೊಲೀಸ್ ಕಚೇರಿಯ ಒಳಗೇ ಕೂರಿಸಿದರು. ಸ್ಪೆಷಲ್ ಸೆಲ್ ಅಂತ ಕರೆದರು. ಕಳಿಸುವ ಜಾಗ ಪಕ್ಕದ ಕೋಣೆಯೇ ಆದರೆ ದಾರಿ ತಪ್ಪುವ ಪ್ರಶ್ನೆ ಬರುವುದಿಲ್ಲ. ಮಧ್ಯಪ್ರದೇಶದಲ್ಲಿ 180 ಠಾಣೆಗಳನ್ನು ಸೇರಿಸಿ ಮಹಿಳಾ ಸಹಾಯ ಡೆಸ್ಕ್‌ಗಳ ಪ್ರಯೋಗ ನಡೆಯಿತು. 2022ರಲ್ಲಿ ಫಲಿತಾಂಶ ಪ್ರಕಟವಾಯಿತು. ಡೆಸ್ಕ್ ಇದ್ದ ಠಾಣೆಗಳಲ್ಲಿ ಹೆಂಗಸರ ದೂರು ದಾಖಲಾಗುವುದು ಹೆಚ್ಚಿತು. ಡೆಸ್ಕಿನಲ್ಲಿ ಮಹಿಳಾ ಅಧಿಕಾರಿ ಇದ್ದಲ್ಲಿ ವ್ಯತ್ಯಾಸ ಇನ್ನೂ ಚೆನ್ನಾಗಿ ಕಂಡಿತು. ನಮ್ಮಲ್ಲೂ ಠಾಣೆಗಳಲ್ಲಿ ಮಹಿಳಾ ಸಹಾಯ ಡೆಸ್ಕ್ ಬೋರ್ಡುಗಳಿವೆ. ಬೋರ್ಡಿನ ಕೆಳಗೆ ಯಾರು ಕೂತಿದ್ದಾರೆ, ಅವರಿಗೆ ಸಿಡಿಪಿಒ ನಂಬರ್ ಗೊತ್ತಾ ಅನ್ನುವುದು ಠಾಣೆಯಿಂದ ಠಾಣೆಗೆ ಬೇರೆ. ಪ್ರತಿ ಜಿಲ್ಲೆ, ತಾಲೂಕಿಗೂ ರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸಿ ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಬೇಕಾಯಿತು. ಕಾಯ್ದೆ ಬಂದು ಹತ್ತೊಂಬತ್ತು ವರ್ಷವಾದ ಮೇಲೆ!

ಮುಚ್ಚಳಿಕೆಯ ಬಗ್ಗೆ ಒಂದು ಮಾತು. ಅದರಿಂದ ಏನೂ ಪ್ರಯೋಜನವಿಲ್ಲ ಅಂತ ನಾನು ಹೇಳುವುದಿಲ್ಲ. ಕೆಲವರು ಠಾಣೆಯ ಹೆದರಿಕೆಗೇ ಸ್ವಲ್ಪ ದಿನ ತಣ್ಣಗಾಗುತ್ತಾರೆ. ಆದರೆ ಅದನ್ನು ಮುರಿದರೆ ಕೋರ್ಟಿನ ಆದೇಶ ಮುರಿದಂತೆ ಶಿಕ್ಷೆ ಇಲ್ಲ. ಠಾಣೆಯಲ್ಲಿ ನಡೆಯುವ ‘ಕೌನ್ಸೆಲಿಂಗ್’ ಕೂಡ ಅಷ್ಟೇ. ಇಬ್ಬರನ್ನೂ ಎದುರುಬದುರು ಕೂರಿಸಿ, ‘ನೀನೂ ಸ್ವಲ್ಪ ಬಾಯಿ ಕಡಿಮೆ ಮಾಡು’ ಅಂತ ಅವಳಿಗೇ ಹೇಳುವುದು ಸಾಮಾನ್ಯ. ಡಿವಿ ನಿಯಮಗಳಲ್ಲಿ ಸಮಾಲೋಚನೆಗೆ ಒಂದು ಒಳ್ಳೆಯ ಷರತ್ತಿದೆ. ಹೊಡೆದದ್ದಕ್ಕೆ ಗಂಡ ಯಾವ ಸಮರ್ಥನೆಯನ್ನೂ ಕೊಡುವಂತಿಲ್ಲ. ‘ಅಡುಗೆ ಮಾಡಿರಲಿಲ್ಲ’, ‘ಎದುರು ಮಾತಾಡಿದಳು’ ಇವೆಲ್ಲ ಅಲ್ಲಿ ನಡೆಯುವುದಿಲ್ಲ. ಶುರುವಿಗೆ ಮೊದಲೇ ಇದನ್ನು ಅವನಿಗೆ ಹೇಳಿರಬೇಕು. ಠಾಣೆಯ ರಾಜಿ ಪಂಚಾಯ್ತಿಗೂ ಈ ಒಂದು ನಿಯಮ ಅನ್ವಯಿಸಿದರೆ ಅರ್ಧಕ್ಕರ್ಧ ಪಂಚಾಯ್ತಿಗಳು ಹತ್ತೇ ನಿಮಿಷದಲ್ಲಿ ಮುಗಿಯುತ್ತವೆ ಅಂತ ನನಗೆ ಅನಿಸುತ್ತದೆ.

ಇನ್ನು ಮುಂದಿನ ಕೆಲಸ. ತಂಗಿ ಒಪ್ಪಿದರೆ ಮತ್ತೆ ಠಾಣೆಗೆ ಹೋಗಿ, ಆದರೆ ಈ ಸಲ ಬರೆದುಕೊಂಡು ಹೋಗಿ. ಒಂದೇ ಪುಟ ಸಾಕು. ಕತ್ತು ಹಿಸುಕಿದ ದಿನ, ಹೊತ್ತು, ಮೊದಲಿನ ಎರಡು ಮೂರು ಘಟನೆ, ಹಿಂದೆ ಮುಚ್ಚಳಿಕೆ ಬರೆಸಿದ ದಿನ. ಕೊನೆಗೆ ಈ ಸಾಲು ಇರಲಿ: ‘ಡಿವಿ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ನನ್ನ ಹಕ್ಕುಗಳನ್ನು ತಿಳಿಸಬೇಕು. ಜೊತೆಗೆ ನನ್ನ ದೂರನ್ನು ರಕ್ಷಣಾಧಿಕಾರಿಗೆ ಕಳಿಸಿ, ನನ್ನನ್ನು ವೈದ್ಯಕೀಯ ಪರೀಕ್ಷೆಗೆ ಮತ್ತು ಸಖಿ ಕೇಂದ್ರಕ್ಕೆ ಕಳಿಸಿಕೊಡಬೇಕು.’ ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ದೂರು ತೆಗೆದುಕೊಂಡದ್ದಕ್ಕೆ ಹಿಂಬರಹ ಕೇಳಿ. ಸೆಕ್ಷನ್ ನಂಬರ್ ಬರೆದ ಕಾಗದಕ್ಕೆ ಠಾಣೆಯಲ್ಲಿ ಸಿಗುವ ಮರ್ಯಾದೆ ಬಾಯಿಮಾತಿಗೆ ಸಿಗುವುದಿಲ್ಲ. ಇದು ಬೇಸರದ ಸಂಗತಿ, ಆದರೆ ಹೀಗೇ ಇದೆ.

ಕ್ರಿಮಿನಲ್ ದೂರೂ ಬೇಕು ಅಂತ ಅವಳಿಗೆ ಅನಿಸಿದರೆ, 2024ರ ಜುಲೈ 1ರಿಂದ ಹೆಂಡತಿಯ ಮೇಲಿನ ಕ್ರೌರ್ಯಕ್ಕೆ ಇದ್ದ ಹಳೆಯ ಐಪಿಸಿ 498ಎ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಸೆಕ್ಷನ್ ಬಂದಿವೆ. ಮೂರು ವರ್ಷದವರೆಗೆ ಶಿಕ್ಷೆ. ಕತ್ತು ಹಿಸುಕಿದ್ದಕ್ಕೆ ಇನ್ನೂ ದೊಡ್ಡ ಸೆಕ್ಷನ್ ಹಾಕುವ ಸಂದರ್ಭವೂ ಇರಬಹುದು, ಅದು ಘಟನೆಯ ವಿವರದ ಮೇಲೆ ನಿಂತಿದೆ. ದಾಂಪತ್ಯದ ವಿಷಯಗಳಲ್ಲಿ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಮಾಡಬಹುದು ಅಂತ 2013ರ ಲಲಿತಾ ಕುಮಾರಿ ತೀರ್ಪಿನಲ್ಲಿದೆ. ಪೊಲೀಸರು ಅದನ್ನು ಹೇಳಬಹುದು. ಆ ವಿಚಾರಣೆ ನಡೆಯುತ್ತಿದೆ ಅಂತ ಆಸ್ಪತ್ರೆಗೆ, ಸಖಿಗೆ ಕಳಿಸುವುದನ್ನು ನಿಲ್ಲಿಸಬೇಕಿಲ್ಲ. ದೂರು ಕೊಟ್ಟ ತಕ್ಷಣ ಅರೆಸ್ಟ್ ಆಗುತ್ತದೆ ಅನ್ನುವ ಭಯವೂ ಈಗ ಬೇಕಿಲ್ಲ. 2014ರ ಅರ್ನೇಶ್ ಕುಮಾರ್ ತೀರ್ಪಿನ ನಂತರ ಸಾಮಾನ್ಯವಾಗಿ ಮೊದಲು ನೋಟಿಸ್ ಕೊಡುತ್ತಾರೆ. ಇದರ ಇನ್ನೊಂದು ಮುಖವನ್ನೂ ನೆನಪಿಡಿ. ನೋಟಿಸ್ ಸಿಕ್ಕ ಗಂಡ ಅದೇ ಮನೆಗೆ ಬರುತ್ತಾನೆ. ಆ ರಾತ್ರಿ ಅವಳು ಎಲ್ಲಿರುತ್ತಾಳೆ ಅನ್ನುವುದು ದೂರು ಕೊಡುವ ಮೊದಲೇ ತೀರ್ಮಾನವಾಗಿರಲಿ.

ಠಾಣೆಯವರು ದೂರನ್ನೇ ತೆಗೆದುಕೊಳ್ಳದಿದ್ದರೆ ಎಸ್‌ಪಿ ಆಫೀಸಿಗೆ ಅಂಚೆಯಲ್ಲಿ ಕಳಿಸಬಹುದು. ಆದರೆ ನನ್ನ ಸಲಹೆ ಕೇಳಿದರೆ, ಅಲ್ಲಿ ಜಗಳ ಹಚ್ಚಿಕೊಂಡು ದಿನ ಕಳೆಯಬೇಡಿ. ಪೊಲೀಸರು ಒಂದು ಬಾಗಿಲು ಅಷ್ಟೇ. ಸಿಡಿಪಿಒ ಹತ್ತಿರ ನೇರವಾಗಿ ಹೋಗಬಹುದು. ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದರೆ ವಕೀಲರನ್ನು ಕೊಡುತ್ತಾರೆ. ಹೆಂಗಸರಿಗೆ ಆದಾಯದ ಮಿತಿ ಇಲ್ಲ, ಇದನ್ನು ಒತ್ತಿ ಹೇಳುತ್ತಿದ್ದೇನೆ. ತಾಲೂಕು ಕೋರ್ಟಿನಲ್ಲೂ ಅದರ ಸಮಿತಿ ಇರುತ್ತದೆ. ಸಹಾಯವಾಣಿ 15100. ಅರ್ಜಿ ಹಾಕಿದ ಮೂರು ದಿನದೊಳಗೆ ಮೊದಲ ವಿಚಾರಣೆ, 60 ದಿನದಲ್ಲಿ ತೀರ್ಮಾನ ಅಂತ ಕಾಯ್ದೆ ಹೇಳುತ್ತದೆ. ನಿಜದಲ್ಲಿ ಅಷ್ಟು ಬೇಗ ಮುಗಿಯುವುದಿಲ್ಲ. ಹಾಗಾಗಿ 23ನೇ ಸೆಕ್ಷನ್ ಕೆಳಗೆ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಿ ಅಂತ ವಕೀಲರಿಗೆ ಹೇಳಿ. ಗಂಡ ಬರದಿದ್ದರೂ ಅದನ್ನು ಕೊಡಬಹುದು.

ಅವಳು ನಿಮ್ಮ ಜೊತೆ ಬೆಂಗಳೂರಿಗೆ ಬಂದರೆ ಇಲ್ಲಿಯ ಕೋರ್ಟಿನಲ್ಲೇ ಡಿವಿ ಅರ್ಜಿ ಹಾಕಬಹುದು. ತಾತ್ಕಾಲಿಕವಾಗಿ ಇರುವ ಊರೂ ನಡೆಯುತ್ತದೆ. ಮನೆ ಬಿಟ್ಟು ಬಂದ ಹೆಂಡತಿ ಆಸರೆ ಪಡೆದ ಊರಿನಲ್ಲೇ ಕ್ರಿಮಿನಲ್ ದೂರನ್ನೂ ಕೊಡಬಹುದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ನಮ್ಮ ವ್ಯಾಪ್ತಿಗೆ ಬರಲ್ಲ’ ಅನ್ನುವ ಉತ್ತರ ಸಿಕ್ಕರೆ ಇದನ್ನು ನೆನಪಿಸಿ.

ಆದೇಶ ಸಿಕ್ಕ ಮೇಲೆ ಪೊಲೀಸರ ಎರಡನೇ ಪಾತ್ರ ಶುರುವಾಗುತ್ತದೆ. ವಾಸದ ಆದೇಶ ಕೊಡುವಾಗ, ಅದನ್ನು ಜಾರಿ ಮಾಡಲು ಠಾಣಾಧಿಕಾರಿ ನೆರವು ಕೊಡಲಿ ಅಂತ ಕೋರ್ಟ್ ನಿರ್ದೇಶಿಸಬಹುದು. ವಕೀಲರು ಇದನ್ನು ಕೇಳಲು ಮರೆಯುವುದು ಜಾಸ್ತಿ. ನೀವು ನೆನಪಿಸಿ. ಆದೇಶದ ಪ್ರತಿ ಠಾಣೆಗೆ ಕೋರ್ಟಿನಿಂದಲೇ ಹೋಗಬೇಕು. ಆದರೂ ಒಂದು ಪ್ರತಿಯನ್ನು ನೀವೇ ಕೊಟ್ಟು ಸೀಲು ಹಾಕಿಸಿಕೊಂಡು ಬನ್ನಿ. ಮುಂದೆ ಅವನು ಕೈ ಎತ್ತಿದಾಗ 112ಕ್ಕೆ ಕರೆ ಮಾಡಿ ‘ನನ್ನ ಹತ್ತಿರ ಕೋರ್ಟಿನ ರಕ್ಷಣಾ ಆದೇಶ ಇದೆ’ ಅನ್ನಲಿ. ಅದನ್ನು ಮುರಿಯುವುದು ಜಾಮೀನುರಹಿತ ಅಪರಾಧ. ಅಲ್ಲಿಗೆ ‘ಇದು ನಿಮ್ಮ ಮನೆ ಜಗಳ’ ಅನ್ನುವ ಮಾತು ನಿಲ್ಲುತ್ತದೆ.

ತಂಗಿ ಇನ್ನೂ ಒಪ್ಪದೇ ಇರಬಹುದು. ಒತ್ತಾಯ ಮಾಡಬೇಡಿ. ಮನೆ ಬಿಡುವ ದಿನ, ಬಿಟ್ಟ ನಂತರದ ವಾರಗಳು ಇವೇ ಹೆಚ್ಚು ಅಪಾಯದ ಹೊತ್ತು ಅಂತ ಈ ಕೆಲಸ ಮಾಡುವವರೆಲ್ಲ ಬಲ್ಲರು. ಹಾಗಾಗಿ ದಿನವನ್ನು ಅವಳೇ ಆರಿಸಲಿ. ಅಲ್ಲಿಯವರೆಗೆ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಗನ ಜನನ ಪ್ರಮಾಣಪತ್ರ ಇವುಗಳ ಫೋಟೋ ನಿಮ್ಮ ಫೋನಿಗೆ ಬರಲಿ. ಕಳಿಸಿದ ಮೇಲೆ ಅವಳ ಫೋನಿನಿಂದ ಅಳಿಸಲಿ. ನೀವು ಏನೂ ಮಾಡುವಂತಿಲ್ಲ ಅಂತೇನಿಲ್ಲ. ಯಾರು ಬೇಕಾದರೂ ರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು ಅಂತ 4ನೇ ಸೆಕ್ಷನ್ ಹೇಳುತ್ತದೆ. ಒಳ್ಳೆಯ ಉದ್ದೇಶದಿಂದ ಕೊಟ್ಟರೆ ನಿಮ್ಮ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಹಿಂಸೆ ನಡೆಯುತ್ತಿದೆ ಅಂತ ನಂಬುವಂಥ ಫೋನ್ ಕರೆ ಬಂದರೆ ರಕ್ಷಣಾಧಿಕಾರಿ ಪೊಲೀಸರ ನೆರವು ಕೇಳಬೇಕು. ಪೊಲೀಸರು ಅವರ ಜೊತೆ ಆ ಮನೆಗೆ ಹೋಗಬೇಕು. ಇದು ನಿಯಮದಲ್ಲೇ ಇದೆ. ಬೆಂಗಳೂರಿನಿಂದಲೇ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ ತಂಗಿಯ ಜಿಲ್ಲೆ, ತಾಲೂಕಿನ ಹೆಸರು ಹೇಳಿ. ಆ ಜಿಲ್ಲೆಯ ಸಖಿ ಕೇಂದ್ರದ ನಂಬರನ್ನೂ, ಸಿಡಿಪಿಒ ಆಫೀಸಿನ ನಂಬರನ್ನೂ ಕೇಳಿ ಬರೆದುಕೊಳ್ಳಿ. ತಂಗಿಗೆ ಯಾವ ಹೊತ್ತಿನಲ್ಲಿ ಫೋನ್ ಮಾಡಿದರೆ ಗಂಡ ಮನೆಯಲ್ಲಿ ಇರುವುದಿಲ್ಲ ಅನ್ನುವುದನ್ನು ಅವರಿಗೆ ಮೊದಲೇ ತಿಳಿಸಿ.